ಕುಂಜುಂ ಇಳಿಯುವ ಮುನ್ನ: ಸ್ಪಿತಿ ದಾರಿಗೆ ಗಾಡಿಯ ಬ್ರೇಕ್ ತಯಾರಿ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಸ್ವಂತ ಗಾಡಿಯಲ್ಲಿ ಹೊರಟವರು ಮೊದಲು ವಿಚಾರಿಸುವುದು ಟೈರ್ ಬಗ್ಗೆ, ಆಮೇಲೆ ಡೀಸೆಲ್ ಎಲ್ಲೆಲ್ಲಿ ಸಿಗುತ್ತದೆ ಅಂತ. ಬ್ರೇಕ್ ಬಗ್ಗೆ ಕೇಳುವವರು ತೀರಾ ಕಡಿಮೆ. ಆದರೆ ಕಾಜಾದಿಂದ ಕುಂಜುಂ ಪಾಸ್ ದಾಟಿ ಬಾತಲ್, ಛತ್ರು, ಗ್ರಾಂಫು ಮೇಲೆ ಮನಾಲಿಗೆ ಇಳಿಯುವ ದಾರಿಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಬ್ರೇಕೇ. ಧೂಳು, ಹಿಮ ಕರಗಿದ ನೀರು, ಎತ್ತರ, ಉದ್ದದ ಇಳಿಜಾರು, ಎಲ್ಲವೂ ಒಟ್ಟಿಗೇ ಅದರ ಮೇಲೆ ಬೀಳುತ್ತವೆ.

ನಾವು ಹೋದದ್ದು ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನಿಂದ ಶಿಮ್ಲಾವರೆಗೆ ಸುಮಾರು 2,500 ಕಿ.ಮೀ. ಹೆದ್ದಾರಿ, ಅಲ್ಲಿಂದ ರಾಮ್‌ಪುರ, ರಿಕಾಂಗ್ ಪಿಯೋ, ನಾಕೊ, ತಾಬೊ, ಕಾಜಾ. ಈ ಕಡೆಯಿಂದ ಹೋದರೆ ಎತ್ತರ ನಿಧಾನವಾಗಿ ಏರುತ್ತದೆ, ಮೈ ಒಗ್ಗಿಕೊಳ್ಳುತ್ತದೆ. ಗಾಡಿ ಡೀಸೆಲ್ ಥಾರ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಜಿಮ್ನಿ, ಜಿಪ್ಸಿ ಇಟ್ಟುಕೊಂಡವರಿಗೂ ಇದೇ ಜೋಡಣೆ ಇರುವುದರಿಂದ ಮುಂದೆ ಹೇಳುವುದೆಲ್ಲ ಅನ್ವಯಿಸುತ್ತದೆ.

ಹೊರಡುವ ಎರಡು ಮೂರು ವಾರ ಮೊದಲೇ ಬ್ರೇಕ್ ಕೆಲಸ ಮುಗಿಸಿಕೊಳ್ಳಿ. ಹಿಂದಿನ ದಿನ ಮಾಡಿಸಿದರೆ ತಪ್ಪೇನಾದರೂ ಉಳಿದಿದ್ದು ಗೊತ್ತಾಗುವುದು ಹೆದ್ದಾರಿಯಲ್ಲೇ. ನಾಲ್ಕೂ ಚಕ್ರ ಬಿಚ್ಚಿಸಿ, ಪಕ್ಕದಲ್ಲಿ ನಿಂತು ನೋಡಿ. ಅಲಾಯ್ ಸಂದಿಯಿಂದ ಟಾರ್ಚ್ ಬಿಟ್ಟು ‘ಪ್ಯಾಡ್ ಚೆನ್ನಾಗಿದೆ ಸಾರ್’ ಎನ್ನುವ ಕಡೆ ಕೆಲಸ ಮಾಡಿಸಬೇಡಿ. ಹಾಗೆ ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿದ್ದರೆ ಒಳಗಿನದು ಹೆಚ್ಚು ಸವೆದಿರುತ್ತದೆ. ಊರಲ್ಲಿ ಓಡಿಸುವವರು ಪ್ಯಾಡ್ ದಪ್ಪ 3 ಮಿ.ಮೀ.ಗೆ ಇಳಿಯುವವರೆಗೆ ಕಾಯಬಹುದು. ಈ ಪ್ರವಾಸಕ್ಕೆ ಅರ್ಧ ಸವೆದಿದ್ದರೂ ಹೊಸದು ಹಾಕಿಸಿ, ಹಳೆಯ ಪ್ಯಾಡ್‌ಗಳನ್ನು ಸ್ಪೇರ್ ಆಗಿ ಜತೆಗಿಟ್ಟುಕೊಳ್ಳಿ. ಡ್ರಮ್ ಕಳಚಿಸಿದಾಗ ಡ್ರಮ್‌ಗೆ ಉಜ್ಜುವ ಲೈನರ್ ಮಾತ್ರ ನೋಡಿ ಮುಚ್ಚಬಾರದು, ಅದನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಮಡಿಸಿ ಒಳಗೆ ಪಸೆ ಇದೆಯಾ ಅಂತ ನೋಡಬೇಕು. ಇದ್ದರೆ ಸಿಲಿಂಡರ್ ಸೋರಲು ಶುರುವಾಗಿದೆ.

ಬ್ರೇಕ್ ಆಯಿಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ, ಡಾಟ್ 3 ಆದರೆ 140ಕ್ಕೆ. ಇಳಿಜಾರಿನಲ್ಲಿ ಕಾಲು ಬ್ರೇಕ್ ಮೇಲೇ ಇದ್ದರೆ ಕ್ಯಾಲಿಪರ್ ಈ ಬಿಸಿ ಮುಟ್ಟುವುದು ಕಷ್ಟವಲ್ಲ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಮಳೆಯಲ್ಲಿ ಓಡಿದ ಗಾಡಿಯಾದರೆ ಕಿಲೋಮೀಟರ್ ಎಷ್ಟೇ ಆಗಿರಲಿ, ಒಂದು ವರ್ಷ ದಾಟಿದ ಆಯಿಲ್ ಪೂರ್ತಿ ತೆಗೆಸಿ, ಸೀಲ್ ಒಡೆಯದ ಬಾಟಲಿಯಿಂದ ಹೊಸದು ತುಂಬಿಸಿ, ನಾಲ್ಕೂ ಚಕ್ರದ ಕಡೆ ಪೈಪಿನಲ್ಲಿ ಉಳಿದ ಏರ್ ತೆಗೆಸಿ.

ಗಾಡಿ ಎತ್ತರಿಸಿದವರು ಇನ್ನೊಂದು ಗಮನಿಸಬೇಕು. ಲಿಫ್ಟ್ ಕಿಟ್ ಹಾಕಿದ ಮೇಲೆ ಚಕ್ರ ಪೂರ್ತಿ ಕೆಳಗೆ ಜೋತಾಗ ಬ್ರೇಕ್ ಹೋಸ್ ಬಿಗಿಯಾಗುತ್ತದೆ. ಜ್ಯಾಕ್ ಮೇಲೆ ಎತ್ತಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್‌ನಲ್ಲಿ ಸಡಿಲ ಉಳಿದಿದೆಯೇ ನೋಡಿ. ದೊಡ್ಡ ಭಾರದ ಟೈರ್ ಹಾಕಿ, ಮೇಲೆ ಕ್ಯಾರಿಯರ್, ಅದರಲ್ಲಿ ಡೀಸೆಲ್ ಕ್ಯಾನ್ ಹೇರಿದರೆ ಅಷ್ಟನ್ನೂ ನಿಲ್ಲಿಸಬೇಕಾದ್ದು ಕಂಪನಿ ಕೊಟ್ಟ ಅದೇ ಬ್ರೇಕ್. ನನ್ನನ್ನು ಕೇಳಿದರೆ ಈ ದಾರಿಗೆ ಕಂಪನಿ ಅಳತೆಯ ಟೈರೇ ಸಾಕು.

ಕುಂಜುಂ 4,551 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಕಾಲಿನ ಒತ್ತಡಕ್ಕೆ ನೆರವಾಗುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಹೊರಗಿನ ಒತ್ತಡಕ್ಕೂ ಒಳಗಿನ ನಿರ್ವಾತಕ್ಕೂ ಇರುವ ವ್ಯತ್ಯಾಸದಿಂದ, ಆದ್ದರಿಂದ ಅಲ್ಲಿ ಅದರ ನೆರವೂ ಕಮ್ಮಿ. ಪೆಡಲ್ ಗಟ್ಟಿ ಅನ್ನಿಸುತ್ತದೆ, ಹೆಚ್ಚು ಒತ್ತಬೇಕಾಗುತ್ತದೆ. ಇದು ಕೆಟ್ಟ ಲಕ್ಷಣವಲ್ಲ, ಆದರೆ ಮೊದಲೇ ತಿಳಿದಿರಬೇಕು. ಬೂಸ್ಟರ್ ಸರಿ ಇದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು: ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗೆ ಸರಿಯಬೇಕು. ಎಂಜಿನ್ ನಿಂತರೆ ಬೂಸ್ಟರ್ ನೆರವು ಬೇಗ ಮುಗಿಯುತ್ತದೆ, ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಚಾಳಿ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಕುಂಜುಂನಿಂದ ಬಾತಲ್‌ಗೆ ಹನ್ನೆರಡು ಕಿ.ಮೀ. ಆಸುಪಾಸು, ಅಷ್ಟರಲ್ಲಿ ಸುಮಾರು 600 ಮೀಟರ್ ಇಳಿಯಬೇಕು. ಸಾಮಾನು, ಜನ ಸೇರಿ ಎರಡು ಟನ್ ತೂಗುವ ಗಾಡಿ ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ ಮೂವತ್ತೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಆ ಬಿಸಿಯೆಲ್ಲ ಡಿಸ್ಕ್, ಡ್ರಮ್‌ಗೆ ಹೋಗದಂತೆ ಗೇರಿನಲ್ಲೇ ಇಳಿಸಬೇಕು. ನಾವು ಮೇಲೆಯೇ ಗಾಡಿ ನಿಲ್ಲಿಸಿ 4ಎಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲೋ ಗೇರು) ಹಾಕಿ, ಎರಡನೇ ಗೇರಿನಲ್ಲಿ ಇಳಿದೆವು, ತೀರಾ ಕಡಿದಾದ ತಿರುವಿಗೆ ಒಂದನೇ ಗೇರು. ಬ್ರೇಕ್ ಬೇಕಾದಾಗ ಒಮ್ಮೆ ಬಿಗಿಯಾಗಿ ಒತ್ತಿ ಪೂರ್ತಿ ಬಿಡಿ, ಸುಮ್ಮನೆ ಕಾಲಿಟ್ಟುಕೊಂಡು ಬರಬೇಡಿ. ಚಾರ್ಮಾಡಿ ಅಥವಾ ಆಗುಂಬೆ ಘಾಟಿಯಲ್ಲಿ ಗೇರಿನಲ್ಲಿ ಇಳಿಯುವುದನ್ನು ಮೊದಲೇ ರೂಢಿ ಮಾಡಿಕೊಂಡರೆ ಇಲ್ಲಿ ಕೈಕಾಲು ತಾನಾಗಿಯೇ ಕೆಲಸ ಮಾಡುತ್ತದೆ.

ಬಾತಲ್ ದಾಟಿದ ಮೇಲೆ ಬರೀ ಕಲ್ಲು, ನೀರು. ಛತ್ರುವರೆಗೆ ರಸ್ತೆಗೆ ಅಡ್ಡ ಹರಿಯುವ ನಾಲೆಗಳನ್ನು (ತೊರೆಗಳನ್ನು) ಬೆಳಗ್ಗೆ ದಾಟಿ, ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ. ಪ್ರತಿ ನಾಲೆ ದಾಟಿದ ಕೂಡಲೇ ನಿಧಾನವಾಗಿ ಓಡಿಸುತ್ತಾ ಬ್ರೇಕ್ ಹಗುರವಾಗಿ ಹಲವು ಸಲ ಒತ್ತಿ, ಲೈನರ್ ಒಣಗಲಿ. ಡಿಸ್ಕ್ ಬೇಗ ಒಣಗುತ್ತದೆ, ಡ್ರಮ್‌ಗೆ ಸಮಯ ಬೇಕು.

ಇಂಥ ಒಂದು ನಾಲೆಯಾದ ಮೇಲೆ ನಮ್ಮ ಮುಂದಿನ ಎಡ ಚಕ್ರದಿಂದ ಕಬ್ಬಿಣ ಉಜ್ಜುವ ಕರ್ಕಶ ಸದ್ದು ಶುರುವಾಯಿತು. ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ಸಮ. ಪ್ಯಾಡ್ ಹೋಗಿದ್ದರೆ ಸಾಮಾನ್ಯವಾಗಿ ಒತ್ತಿದಾಗ ಸದ್ದು ಬದಲಾಗುತ್ತದೆ. ಬದಲಾಗಲಿಲ್ಲ ಅಂದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುವ ಸಂಭವ ಹೆಚ್ಚು. ನಾಲ್ಕು ಅಡಿ ರಿವರ್ಸ್ ತೆಗೆದುಕೊಂಡರೆ ಎಷ್ಟೋ ಸಲ ಬಿದ್ದುಹೋಗುತ್ತದೆ. ನಮಗೆ ಬೀಳಲಿಲ್ಲ. ಸಮತಟ್ಟಾದ ಜಾಗ ನೋಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಹಾಕಿ ಚಕ್ರ ಬಿಚ್ಚಿ, ಸ್ಕ್ರೂಡ್ರೈವರ್‌ನಿಂದ ತಗಡನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದಾಗ ಬಟಾಣಿ ಗಾತ್ರದ ಕಲ್ಲು ಉದುರಿತು. ಡಿಸ್ಕ್ ಬಿಸಿ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಕಾಜಾ ಬಿಟ್ಟ ಮೇಲೆ ಮನಾಲಿವರೆಗೆ ಗ್ಯಾರೇಜ್ ನಂಬಿಕೊಂಡು ಹೊರಡಬಾರದು. ಜ್ಯಾಕ್ ಕೆಳಗೆ ಇಡಲು ದಪ್ಪ ಹಲಗೆ, ಸ್ಪ್ಯಾನರ್ ಸೆಟ್, ಸೀಲ್ ಇರುವ ಬ್ರೇಕ್ ಆಯಿಲ್, ಏರ್ ತೆಗೆಯಲು ಪಾರದರ್ಶಕ ಪೈಪ್ ಜತೆಗಿರಲಿ. ಪ್ರತಿ ಸಂಜೆ ತಂಗುವ ಕಡೆ ಚಕ್ರಗಳ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ, ಆಯಿಲ್ ಮಟ್ಟ ನೋಡಿ. ಪ್ಯಾಡ್ ಸವೆದ ಹಾಗೆ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಒಂದೇ ದಿನದಲ್ಲಿ ಎದ್ದು ಕಾಣುವಷ್ಟು ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಪತ್ತೆಯಾಗುವವರೆಗೆ ಹೊರಡಬೇಡಿ. ಸಂಜೆ ನೀರು ದಾಟಿ ಬಂದು ರಾತ್ರಿ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಚಳಿಗೆ ಲೈನರ್ ಡ್ರಮ್‌ಗೆ ಹೆಪ್ಪುಗಟ್ಟಿ ಅಂಟಿಕೊಳ್ಳುವುದುಂಟು. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಮನಾಲಿ ತಲುಪಿದರೆ ಬ್ರೇಕ್ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಮುಂದೆ ಊರಿನವರೆಗೆ ವೇಗದ ಹೆದ್ದಾರಿ. ಅಲ್ಲೇ ಅರ್ಧ ದಿನ ಕೊಟ್ಟು ಡ್ರಮ್ ತೆಗೆಸಿ. ನಮ್ಮದರಲ್ಲಿ ಸಿಮೆಂಟಿನಂಥ ನುಣ್ಣನೆಯ ಬೂದು ಕೆಸರು ಮೂಲೆಮೂಲೆಗೂ ಗಟ್ಟಿಯಾಗಿ ಕೂತಿತ್ತು. ಅದನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ, ಲೈನರ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಅಥವಾ ನೀರಿನಿಂದ ತೊಳೆಸಿ ಒಣಗಿಸಿ, ಸ್ಲೈಡ್ ಪಿನ್‌ಗಳಿಗೆ ಹೊಸದಾಗಿ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಹ್ಯಾಂಡ್ ಬ್ರೇಕ್ ಕೇಬಲ್ ಸಲೀಸಾಗಿ ಹಿಂದೆ ಸರಿಯುತ್ತಿದೆಯೇ ನೋಡಿಕೊಂಡು, ಊರೊಳಗೆ ಒಂದು ಸುತ್ತು ಓಡಿಸಿ ಆಮೇಲೆ ಹೊರಡಿ.