ಅನುಕಲನದ ಟಿಪ್ಪಣಿಗಳು: ಸ್ಥಿರಾಂಕದ ಅಧ್ಯಾಯ

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಗಣಿತದ ಮನೆಗೆಲಸದಲ್ಲಿ ನೆರವಾಗಲೆಂದು ಕನ್ನಡದಲ್ಲಿ ಬರೆಯುತ್ತಿರುವ ಟಿಪ್ಪಣಿಗಳಲ್ಲಿ, ಎನ್‌ಸಿಇಆರ್‌ಟಿ ಪಠ್ಯದ 7ನೆಯ ಅಧ್ಯಾಯವಾದ ಅನುಕಲನದ (ಇಂಟಿಗ್ರೇಷನ್, ಅಂದರೆ ಅವಕಲನದ ವಿಲೋಮ ಕ್ರಿಯೆ) ಭಾಗ ಬಹುಮಟ್ಟಿಗೆ ಮುಗಿದಿದ್ದು, 9ನೆಯ ಅಧ್ಯಾಯದ ಅವಕಲ ಸಮೀಕರಣಗಳನ್ನು (ಡಿಫರೆನ್ಷಿಯಲ್ ಈಕ್ವೇಷನ್) ಈಗ ಕೈಗೆತ್ತಿಕೊಂಡಿದ್ದೇನೆ. ಆದೇಶ ವಿಧಾನ ಮತ್ತು ಭಾಗಶಃ ಅನುಕಲನದ ಪುಟಗಳು ಬೇಗ ಸಿದ್ಧವಾದವು. ಬಹಳ ಸಮಯ ಬೇಡಿದ್ದು ಕೊನೆಯಲ್ಲಿ ಕೂಡಿಸುವ ‘ಸಿ’ ಎಂಬ ಸ್ಥಿರಾಂಕ.

ತಮ್ಮ ಉತ್ತರವು ಪಠ್ಯಪುಸ್ತಕದ ಹಿಂದಿರುವ ಉತ್ತರಕ್ಕೆ ತಾಳೆಯಾಗುತ್ತಿಲ್ಲ ಎಂಬುದು ವಿದ್ಯಾರ್ಥಿಗಳು ಮತ್ತೆ ಮತ್ತೆ ತರುವ ದೂರು. ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ಗುಣಲಬ್ಧವನ್ನು ಅನುಕಲಿಸುವಾಗ ಸೈನ್ ಅನ್ನು ಹೊಸ ಚರವೆಂದು ಹಿಡಿದವರಿಗೆ ಸೈನ್ ವರ್ಗದ ಅರ್ಧ ಸಿಗುತ್ತದೆ. ಕಾಸ್ ಅನ್ನು ಹಿಡಿದವರಿಗೆ ಕಾಸ್ ವರ್ಗದ ಅರ್ಧ, ಋಣ ಚಿಹ್ನೆಯೊಡನೆ. ಎರಡೂ ಸರಿ, ಏಕೆಂದರೆ ಅವುಗಳ ವ್ಯತ್ಯಾಸ ಎಕ್ಸ್‌ನ ಬೆಲೆ ಯಾವುದಿದ್ದರೂ ಅರ್ಧವೇ ಆಗಿದ್ದು, ಅದು ‘ಸಿ’ಯೊಳಗೆ ಸೇರಿಹೋಗುತ್ತದೆ. ಆದ್ದರಿಂದ ಉತ್ತರವನ್ನು ಪುಸ್ತಕದೊಂದಿಗೆ ಹೋಲಿಸುವ ಮೊದಲು ಅದನ್ನು ಅವಕಲಿಸಿ, ಕೊಟ್ಟ ಫಲನವೇ ಮರಳಿ ಬರುತ್ತದೆಯೇ ಎಂದು ನೋಡುವ ಹೆಜ್ಜೆಯನ್ನು ಪ್ರತಿ ಲೆಕ್ಕದ ಕೆಳಗೂ ಸೇರಿಸಿದ್ದೇನೆ. ಬಿಡಿಸಿದ ಉತ್ತರವನ್ನೇ ಕೈಗಿಡುವುದಕ್ಕಿಂತ ಈ ಪರೀಕ್ಷೆಯನ್ನು ಕಲಿಸುವುದು ದೊಡ್ಡ ನೆರವೆಂದು ನಾನು ದೃಢವಾಗಿ ನಂಬಿದ್ದೇನೆ.

ಲೆಕ್ಕಗಳನ್ನು ತಾಳೆ ನೋಡಲು ಪೈಥಾನ್ ಭಾಷೆಯ ಸಿಂಪೈ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಅನಿಶ್ಚಿತ ಅನುಕಲಗಳಿಗೆ ಅದು ಸ್ಥಿರಾಂಕವನ್ನು ಬರೆಯುವುದೇ ಇಲ್ಲ, ಅವಕಲ ಸಮೀಕರಣಗಳಿಗೆ ಮಾತ್ರ ಬರೆಯುತ್ತದೆ. ತೆರೆಯ ಮೇಲಿನ ಉತ್ತರವನ್ನು ಹಾಗೆಯೇ ಇಳಿಸಿಕೊಳ್ಳುವ ವಿದ್ಯಾರ್ಥಿಗೆ ಇದನ್ನು ಮೊದಲೇ ಹೇಳಿರಬೇಕು.

ಅವಕಲ ಸಮೀಕರಣಗಳಲ್ಲಿ ಸ್ಥಿರಾಂಕ ಎಲ್ಲಿ ಕೂಡುತ್ತದೆ ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ. ವೈನ ಅವಕಲಜಕ್ಕೆ ವೈಯನ್ನು ಕೂಡಿದರೆ ಎಕ್ಸ್ ಬರುತ್ತದೆ ಎಂಬ ಸಮೀಕರಣವನ್ನು ತೆಗೆದುಕೊಳ್ಳೋಣ. ಇ ಘಾತ ಎಕ್ಸ್ ಎಂಬ ಇಂಟಿಗ್ರೇಟಿಂಗ್ ಫ್ಯಾಕ್ಟರ್‌ನಿಂದ (ಎಡಭಾಗವನ್ನು ಒಂದೇ ಅವಕಲಜವಾಗಿಸುವ ಗುಣಕ) ಗುಣಿಸಿ, ಅನುಕಲಿಸಿದ ಸಾಲಿನಲ್ಲಿಯೇ ‘ಸಿ’ ಬರೆದರೆ, ಭಾಗಿಸಿದ ಬಳಿಕ ಅದು ಇ ಘಾತ ಋಣ ಎಕ್ಸ್‌ನೊಡನೆ ಉಳಿಯುತ್ತದೆ; ವೈ ಎಂದರೆ ಎಕ್ಸ್ ಕಳೆ 1, ಕೂಡಿಸು ಆ ಪದ. ಭಾಗಿಸಿ ಮುಗಿದ ಮೇಲೆ ಬರಿಯ ‘ಸಿ’ ಕೂಡಿಸಿದರೆ, ‘ಸಿ’ ಸೊನ್ನೆಯಾದರೆ ಮಾತ್ರ ಸಮೀಕರಣ ನಿಲ್ಲುತ್ತದೆ. ಎಡಭಾಗಕ್ಕೆ ಹಾಕಿ ನೋಡಿದರೆ ಎರಡೇ ಸಾಲಿನಲ್ಲಿ ಇದು ಸ್ಪಷ್ಟವಾಗುವುದರಿಂದ, ಈ ತಾಳೆಯನ್ನು ಟಿಪ್ಪಣಿಯಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಮುಂದಿನದು ನ್ಯೂಟನ್ನನ ತಂಪಾಗುವಿಕೆಯ ನಿಯಮ. ಅಲ್ಲಿ ಆರಂಭದ ಉಷ್ಣತೆ ತಿಳಿದಿರುವುದರಿಂದ ‘ಸಿ’ಗೆ ನಿರ್ದಿಷ್ಟ ಬೆಲೆ ಸಿಗುತ್ತದೆ. ಆಂಶಿಕ ಭಿನ್ನರಾಶಿಗಳ ಪುಟದಲ್ಲಿ ಲಾಗರಿದಮ್‌ನೊಳಗಿನ ನಿರಪೇಕ್ಷ ಬೆಲೆಯ ಚಿಹ್ನೆಯನ್ನು ವಿವರಿಸುವುದೂ ಬಾಕಿಯಿದೆ.