ಕೌಜುಗದ ಕೂಗಿಗೆ ಎಷ್ಟು ಅಂಕ?

2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ಎರಡು ಚಿತ್ರ ಬಂದವು. ಒಂದು ಜಿಲ್ಲೆಗಳ ಪಟ್ಟಿ. ಮೇಲೆ ದಕ್ಷಿಣ ಕನ್ನಡ, 91.12. ಕಟ್ಟಕಡೆಗೆ, 35ನೆಯ ಸಾಲಿನಲ್ಲಿ, ನಮ್ಮ ಕಲಬುರಗಿ, 42.43. ಇನ್ನೊಂದು, ಸಂಬಂಧಿಕರ ಹುಡುಗಿಯೊಬ್ಬಳ ಅಂಕಪಟ್ಟಿ, ಸುತ್ತ ಹೂವಿನ ಚೌಕಟ್ಟು ಹಾಕಿದ್ದು. ನಮ್ಮ ಅಣ್ಣನ ಮಗನೂ ಆ ವರ್ಷವೇ ಪರೀಕ್ಷೆ ಬರೆದಿದ್ದ. ಅವನ ಬಗ್ಗೆ ಯಾರೂ ಒಂದಕ್ಷರ ಹಾಕಲಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೂತಿದ್ದ ನನಗೆ ಅಷ್ಟರಿಂದಲೇ ತಿಳಿಯಿತು. ಗಣಿತ, ಇಂಗ್ಲಿಷ್ ಎರಡೂ ಹೋಗಿದ್ದವು.

2024ರಲ್ಲಿ ಈ ಪಟ್ಟಿಯ ತಳದಲ್ಲಿ ಯಾದಗಿರಿ ಇತ್ತು, 2025ರಲ್ಲಿ ನಾವು. ವರ್ಷ ವರ್ಷ ಹೀಗೆ ಕಡೆಯ ಸಾಲಿನಲ್ಲಿ ಹೆಸರು ಓದುತ್ತ ಬೆಳೆಯುವ ಮಕ್ಕಳ ಮನಸ್ಸಿಗೆ ಏನಾಗುತ್ತದೆ ಎನ್ನುವುದು ಪಟ್ಟಿ ಮಾಡುವವರಿಗೆ ಬೇಕಿಲ್ಲ. ಆ ಹುಡುಗನ ಶಾಲೆಯಲ್ಲಿ ವರ್ಷದ ಅರ್ಧ ಗಣಿತ ಹೇಳಿಕೊಡುವವರೇ ಇರಲಿಲ್ಲ. ಅದನ್ನು ಬರೆಯುವುದಕ್ಕೂ ಆ ಪಟ್ಟಿಯಲ್ಲಿ ಜಾಗವಿಲ್ಲ.

ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮದು ಚಿಂಚೋಳಿ ತಾಲ್ಲೂಕು, ಚಂದ್ರಂಪಳ್ಳಿ ಜಲಾಶಯದ ಕಡೆಯ ಹಳ್ಳಿ. ಮನೆ ತುಂಬ ಜನ. ಓಣಿಯ ಹಿರಿಯರೊಬ್ಬರು ಫೋನು ಕೈಗೆ ತೆಗೆದುಕೊಂಡು, ಯಾರ ಮಗನಿಗೆ ಎಷ್ಟು, ಯಾರ ಮಗಳಿಗೆ ಎಷ್ಟು ಎಂದು 625ರ ಲೆಕ್ಕವನ್ನೆಲ್ಲ ನನಗೆ ಒಪ್ಪಿಸಿದರು. ಆಮೇಲೆ ಹಿಂದೆ ಬಾಗಿಲಿಗೆ ಆತು ನಿಂತಿದ್ದ ಹುಡುಗನ ಕಡೆ ಫೋನು ತಿರುಗಿಸಿ, "ನೋಡು ತಮ್ಮಾ, ನಿಮ್ಮ ಮನಿತನದಾಗ ಇಂಥಾವ್ನೂ ಹುಟ್ಟ್ಯಾನ" ಎಂದರು. ಹುಡುಗ ತಲೆ ಎತ್ತಲಿಲ್ಲ. ನನಗೆ ಏನು ಹೇಳಬೇಕೋ ತೋಚುವ ಮೊದಲೇ ಅವರ ಕಣ್ಣು ನನ್ನ ಪಕ್ಕ ಕೂತಿದ್ದ ಮಗಳ ಮೇಲೆ ಬಿತ್ತು. "ನಿನ್ನ ಮಗಳು ಸಾಲ್ಯಾಗ ಎಷ್ಟನೇ ನಂಬರ್ ಅದಾಳಪಾ?"

ಅವಳಿಗೆ ಒಂಬತ್ತು ವರ್ಷ. ನಂಬರ್ ಅಂದರೇನೆಂದು ಅವಳಿಗೆ ಗೊತ್ತಾಗಲಿಲ್ಲ. ತನಗೆ ಏನು ಬರುತ್ತದೆ ಎಂದು ಅಜ್ಜ ಕೇಳುತ್ತಿದ್ದಾರೆ ಅಂದುಕೊಂಡಳು. "ನನಗ ಅಮ್ಸೆಲ್ ಹಂಗ ಸೀಟಿ ಹೊಡಿಲಿಕ್ಕೆ ಬರ್ತದ ಅಜ್ಜಾ" ಅಂದವಳೇ ಕಿಟಕಿ ತೆರೆದು ಸೀಟಿ ಹೊಡೆದಳು. ಅಮ್ಸೆಲ್ ಇಲ್ಲಿಯ ಒಂದು ಕರಿ ಹಕ್ಕಿ, ಕೊಕ್ಕು ಹಳದಿ. ಮಳೆ ನಿಂತರೆ ಸಾಕು, ಮನೆಯ ನೆತ್ತಿಯ ಮೇಲೆ ಕೂತು ಹಾಡುತ್ತದೆ. ಅವತ್ತೂ ಮಳೆ ಆಗ ತಾನೇ ನಿಂತಿತ್ತು. ಎದುರು ಮನೆಯ ಹಂಚಿನ ಮೇಲಿಂದ ಅದು ಮರುದನಿ ಕೊಟ್ಟಿತು.

ಫೋನಿನ ಆಚೆ ಒಂದಿಬ್ಬರು ನಕ್ಕರು. ಬಾಗಿಲಿಗೆ ಆತು ನಿಂತಿದ್ದ ಹುಡುಗ ಮಾತ್ರ ನಗಲಿಲ್ಲ. ಮುಂದೆ ಬಂದ, ಹಿರಿಯರ ಕೈಯಿಂದ ಫೋನು ಇಸಿದುಕೊಂಡ, ಅಂಗೈ ಎರಡನ್ನೂ ಬಾಯಿಗೆ ಹಿಡಿದು ಕೌಜುಗ ಹಕ್ಕಿಯ ಕೂಗು ತೆಗೆದ. ತೊಗರಿ ಹೊಲದ ಬದುವಿನಲ್ಲಿ ಬೆಳಗಿನ ಜಾವ ಕೇಳುತ್ತಿದ್ದ ಅದೇ ಕೂಗು, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ನನ್ನ ಮೈ ಜುಂ ಎಂದಿತು. ಹೆಣ್ಣು ಹೇಗೆ ಕೂಗುತ್ತದೆ, ಗಂಡು ಹೇಗೆ, ಬೆದರಿದಾಗ ಹೇಗೆ ಎಂದು ಅವನು ತಂಗಿಗೆ ಒಂದೊಂದಾಗಿ ತೋರಿಸಿದ. ಅವಳು ಮತ್ತೆ ಮತ್ತೆ ಕೂಗಿಸಿದಳು.

ಕಾಲ್ ಮುಗಿದ ಮೇಲೆ ಮಗಳು ಕೇಳಿದ್ದು ಇಷ್ಟು: "ಅಪ್ಪಾ, ಅಣ್ಣಗ ಇಷ್ಟೆಲ್ಲಾ ಬರ್ತದ. ಮತ್ಯಾಕ ಎಲ್ಲಾರೂ ಅವನ ಮ್ಯಾಲ ಸಿಟ್ಟಾಗ್ಯಾರ?"

ನಾನು ಉತ್ತರ ಕೊಡಲಾರದೆ ಎದ್ದು ಹೋದೆ.

ಅವಳಿಗೆ ಈ ಹಕ್ಕಿಯ ಹುಚ್ಚು ಹತ್ತಿಸಿದವರು ಕೆಳಗಿನ ಮನೆಯ ಮುದುಕರು. ಇಲ್ಲಿ ಪ್ರತಿ ಮೇ ತಿಂಗಳು ಒಂದು ವಾರಾಂತ್ಯ ದೇಶದ ತುಂಬ ಜನ ತಂತಮ್ಮ ತೋಟದಲ್ಲೋ ಬಾಲ್ಕನಿಯಲ್ಲೋ ಒಂದು ತಾಸು ಕೂತು ಕಂಡ ಹಕ್ಕಿಗಳನ್ನು ಎಣಿಸಿ, ಪಕ್ಷಿ ಸಂರಕ್ಷಣೆಯ ಸಂಸ್ಥೆಗೆ ಕಳಿಸುತ್ತಾರೆ. 2005ರಿಂದ ನಡೆದು ಬಂದ ಪದ್ಧತಿ. ಮುದುಕರು ಈ ಸಲ ನನ್ನ ಮಗಳನ್ನು ಜೊತೆಗೆ ಕರೆದರು. ಫರ್ ಮರದ ತುದಿಯಲ್ಲಿ ಹೆಬ್ಬೆರಳಷ್ಟು ಚಿಕ್ಕ ಹಕ್ಕಿಯೊಂದಿರುತ್ತದೆ. ಅದರ ದನಿ ಎಷ್ಟು ಸಣ್ಣ, ಎಷ್ಟು ಎತ್ತರದ್ದೆಂದರೆ ವಯಸ್ಸಾದವರ ಕಿವಿಗೆ ಅದು ತಾಗುವುದೇ ಇಲ್ಲ. ಅವರು ಪೆನ್ಸಿಲ್ ಕೈಯಲ್ಲಿ ಹಿಡಿದು, "ನನ್ನ ಕಿವಿ ಬಿಟ್ಟದ್ದನ್ನು ನಿನ್ನ ಕಿವಿ ಹಿಡಿಯುತ್ತದೆ. ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ" ಎಂದರಂತೆ. ಎಪ್ಪತ್ತು ದಾಟಿದವರು ಒಂಬತ್ತರ ಹುಡುಗಿಯ ಮಾತು ಕೇಳಿ ಬರೆದುಕೊಂಡರು. ಅವತ್ತಿನಿಂದ ನನ್ನ ಮಗಳ ನಡಿಗೆಯೇ ಬೇರೆಯಾಗಿದೆ.

ಹಾಗೆಂದು ಈ ದೇಶವನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ನಾಲ್ಕನೆಯ ತರಗತಿ ಮುಗಿಯುವಷ್ಟರಲ್ಲೇ ಇಲ್ಲಿ ಹೆಚ್ಚಿನ ಕಡೆ ಮಕ್ಕಳನ್ನು ಬೇರೆ ಬೇರೆ ನಮೂನೆಯ ಶಾಲೆಗಳಿಗೆ ವಿಂಗಡಿಸುತ್ತಾರೆ. ವಿಶ್ವವಿದ್ಯಾಲಯದ ದಾರಿಗೆ ಹಚ್ಚುವ ಗಿಮ್ನಾಸಿಯಂ ಎಂಬ ನಮೂನೆಯ ಶಾಲೆ ಸಿಗುತ್ತದೋ ಇಲ್ಲವೋ ಎಂದು ನಮ್ಮ ಭಾರತೀಯ ತಂದೆತಾಯಿಗಳು ನಿದ್ದೆಗೆಡುತ್ತಾರೆ. ಹತ್ತು ವರ್ಷದ ಮಗುವಿನ ಬಗ್ಗೆ ಅಷ್ಟು ಬೇಗ ತೀರ್ಪು ಕೊಡುವುದು ನನಗೆ ಒಪ್ಪಿಗೆಯಾಗದ ಮಾತು. ಮುಂದಿನ ವರ್ಷ ನಮ್ಮ ಮನೆಗೂ, ಮಗಳಿಗೆ ಯಾವ ಶಾಲೆ ಎಂದು ಹೇಳುವ ಕಾಗದ ಬರಲಿದೆ.

ಆ ರಾತ್ರಿ ನನಗೆ ಅಪ್ಪ ನೆನಪಾದರು. ಚಿಕ್ಕವರಿದ್ದಾಗ ಹುಮನಾಬಾದ ಮೇಲೆ ಹಾಯ್ದು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋಗುತ್ತಿದ್ದರು. ತ್ರಿಪುರಾಂತ ಕೆರೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿ, ರೊಟ್ಟಿ ತಿನ್ನುತ್ತ ನಮ್ಮಿಂದ ಶರಣರ ಹೆಸರು ಹೇಳಿಸುತ್ತಿದ್ದರು. ಹೆಸರಿನ ಹಿಂದೆಯೇ ಅವರ ಕಾಯಕವೂ ಬರಬೇಕು. ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ಚೆಲ್ಲಿದ ಅಕ್ಕಿ ಆಯ್ದು ತರುವ ಮಾರಯ್ಯ, ಅವನು ಬೇಕಾದದ್ದಕ್ಕಿಂತ ಹೆಚ್ಚು ತಂದರೆ ತಿರುಗಿ ಕಳಿಸುವ ಲಕ್ಕಮ್ಮ. ಅಪ್ಪನಿಗೆ ಎಲ್ಲರಿಗಿಂತ ಚೌಡಯ್ಯನ ಮೇಲೆ ಪ್ರೀತಿ ಹೆಚ್ಚು. ಉಳಿದ ಶರಣರು ಬಹುಮಟ್ಟಿಗೆ ತಮ್ಮ ಇಷ್ಟದೈವದ ಹೆಸರನ್ನು ವಚನದ ಅಂಕಿತ ಮಾಡಿಕೊಂಡರೆ, ಅವನು ಅಂಬಿಗ ಚೌಡಯ್ಯ ಎಂದು ತನ್ನ ಹೆಸರನ್ನೇ ಇಟ್ಟುಕೊಂಡ. ಅಲ್ಲಮನ ಬೆಡಗು ಅವನಲ್ಲಿಲ್ಲ, ಅಕ್ಕನ ಹಂಬಲವೂ ಇಲ್ಲ. ಅವನದು ನೇರ, ಒರಟು, ಹೊಳೆಯ ದಂಡೆಯ ಮಾತು. ಆ ಮಾತನ್ನು ಅವನು ಬೇರೆಯವರ ಮಾತಿನಂತೆ ತಿದ್ದಿಕೊಳ್ಳಲು ಹೋಗಲಿಲ್ಲ. ಅದಕ್ಕೇ ಎಂಟುನೂರು ವರ್ಷ ದಾಟಿದರೂ ನಮ್ಮ ಕಿವಿಗೆ ಅವನು ಅವನಾಗಿಯೇ ಕೇಳುತ್ತಾನೆ.

2019ರಲ್ಲಿ ನಮ್ಮ ನಾಡಿಗೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಕೇಳಿ ಹೆಮ್ಮೆಪಟ್ಟವನು ನಾನು. ಆ ಕಲ್ಯಾಣದ ಹೆಸರು ಹೊತ್ತ ನೆಲದಲ್ಲೇ ಹದಿನಾರರ ಹುಡುಗನೊಬ್ಬ ಮನೆಯವರೆದುರು ತಲೆ ತಗ್ಗಿಸಿ ನಿಲ್ಲುವಂತಾದದ್ದು ನನಗೆ ನುಂಗಲಾಗದ ತುತ್ತು.

ನಮ್ಮ ಆಯಿ ಸೂಲಗಿತ್ತಿ ಇದ್ದಳು. ಓದು ಬರಹ ಇಲ್ಲ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಹೇಗೆ ಮಲಗಿದೆ ಎಂದು ಹೇಳುತ್ತಿದ್ದಳು. ತನ್ನ ಕೈಮೀರಿದ್ದು ಅನ್ನಿಸಿದರೆ ಒಂದು ಗಳಿಗೆಯೂ ತಡಮಾಡದೆ ಗಾಡಿ ಹೂಡಿಸಿ ದವಾಖಾನೆಗೆ ಕಳಿಸುತ್ತಿದ್ದಳು. ಯಾರಾದರೂ ಹೊಗಳಿದರೆ "ನಂದೇನೈತಿ, ದೇವ್ರು ಕೈಯಾಗ ಇಟ್ಟಾನ" ಅನ್ನುವಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಸಂಕೋಚ ಇರುತ್ತಿರಲಿಲ್ಲ, ಸೊಕ್ಕೂ ಇರುತ್ತಿರಲಿಲ್ಲ. ದೇವರು ಇಟ್ಟದ್ದನ್ನು ಕಡಿಮೆ ಎಂದು ಹೇಳುವುದು ಅವಳ ಪಾಲಿಗೆ ದೇವರಿಗೇ ಮಾಡುವ ಅವಮಾನ. ಪಕ್ಕದ ಊರಿನ ಸೂಲಗಿತ್ತಿಯ ಸುದ್ದಿ ಬಂದರೆ, "ಆಕಿ ಕೈ ಆಕಿಗಿ, ನನ್ನ ಕೈ ನನಗ" ಎಂದು ಮಾತು ಮುಗಿಸುತ್ತಿದ್ದಳು.

ಮರುದಿನ ಅಣ್ಣನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು ಕಡೆಗೆ ಅಂದ: "ಕೌಜುಗ ಕೂಗಿದ್ರ ಹೊಟ್ಟಿ ತುಂಬ್ತದೇನೋ ತಮ್ಮಾ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡಲಾರೆ. ಮಳೆ ಕೈಕೊಟ್ಟ ವರ್ಷ ತೊಗರಿ ಒಣಗಿದ್ದನ್ನು ಕಂಡವನು ಅವನು. ಮಗ ಓದಿ ನೆಲೆ ಕಾಣಲಿ ಎನ್ನುವ ಆಸೆಯಲ್ಲಿ ತಪ್ಪೇನಿದೆ? ಹುಡುಗ ಹೋದ ವಿಷಯಗಳಿಗೆ ಮತ್ತೆ ಕೂತು ಪರೀಕ್ಷೆ-2 ಬರೆಯಲಿ, ಬೇಕಾದರೆ ಪರೀಕ್ಷೆ-3 ಬರೆಯಲಿ. ಗಣಿತಕ್ಕೆ ದಿನಾ ಒಂದು ತಾಸು ನಾನೇ ಫೋನಿನಲ್ಲಿ ಕೂಡುತ್ತೇನೆ ಎಂದೆ, ಕೂಡುತ್ತಲೂ ಇದ್ದೇನೆ. ಆದರೆ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಅದು ನಮ್ಮ ಹೊಲದ ಮಗ್ಗುಲಲ್ಲೇ ಇದೆ. ಅಲ್ಲಿಯ ಹಕ್ಕಿಯ ದನಿಯನ್ನು ಕಣ್ಣು ಮುಚ್ಚಿ ಗುರುತಿಸುವ ಹುಡುಗ ನಮ್ಮ ಮನೆಯಲ್ಲಿದ್ದಾನೆ. ಅದರಿಂದ ನೌಕರಿ ಸಿಕ್ಕರೂ ಸಿಗದಿದ್ದರೂ ಅದು ಅವನಿಗೆ ಬಂದ ಭಾಗ್ಯ. ಯಾರೋ 590 ತೆಗೆದರು ಅಂದಮಾತ್ರಕ್ಕೆ ಅದು ಅವನಿಂದ ಕಡಿಮೆಯಾಗುವುದಿಲ್ಲ. ಇಷ್ಟನ್ನು ಅಪ್ಪನ ಬಾಯಿಂದ ಅವನು ಒಂದು ಸಲ ಕೇಳಲಿ ಎಂದು ಅಣ್ಣನಿಗೆ ಕೈ ಮುಗಿದು ಹೇಳಿದೆ. ಅಣ್ಣ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ.

ಮಗಳು ತನ್ನಂತೆಯೇ ಒಂದು ತಾಸು ಹಕ್ಕಿ ಎಣಿಸಲು ಆ ಹುಡುಗನಿಗೆ ಹೇಳಿದ್ದಳು. ಮೊನ್ನೆ ಅವನು ಹೊಲದ ಬದುವಿನ ಮೇಲೆ ಕೂತು ಎಣಿಸಿದ ಪಟ್ಟಿಯ ಫೋಟೋ ಬಂತು. ನೋಟ್‌ಬುಕ್ಕಿನ ಹಾಳೆ, ದುಂಡನೆಯ ಅಕ್ಷರ. ಹೆಸರುಗಳೆಲ್ಲ ಊರ ದನಗಾಹಿಗಳ ಬಾಯಲ್ಲಿ ಇರುವಂಥವು. ಮೂರು ಹಕ್ಕಿ ಯಾವುವೆಂದು ನನಗೆ ತಿಳಿಯಲಿಲ್ಲ. ಮಗಳು ಬಿಡಲೊಲ್ಲಳು, ನನ್ನ ಅಣ್ಣನಿಗೆ ಫೋನು ಹಚ್ಚಿ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. "ತಡಿ, ಅವ್ನಿಗೇ ಕೇಳ್ತೀನಿ" ಎಂದು ಮಗನನ್ನು ಕೂಗಿ ಕರೆದ. ಹುಡುಗ ಹೇಳುತ್ತ ಹೋದ. ಅಪ್ಪ ನಡುನಡುವೆ "ಯಾವುದು? ಆ ಬಾವಿ ಕಡೀದಾ?" ಎಂದು ಕೇಳುತ್ತಿದ್ದದ್ದು ನಮಗೆ ಇಲ್ಲಿಗೆ ಕೇಳಿಸುತ್ತಿತ್ತು.