ಕಾಳಿ ಬೆದೆಗೆ ಬಂದ ರಾತ್ರಿ

ನಮ್ಮ ಕಾಳಿ ಮುರ್ರಾ ಎಮ್ಮೆ. ಕಾರ್ತಿಕದಲ್ಲಿ ಕರು ಹಾಕಿದ್ದಳು. ಯುಗಾದಿ ಬಂದರೂ ಬೆದೆಯ ಸುಳಿವಿಲ್ಲ. ಬೆಂಗಳೂರಿನ ಹೆಸರಘಟ್ಟದ ಕಡೆ ನಮ್ಮದು ಸಣ್ಣ ಕೊಟ್ಟಿಗೆ, ಎರಡೇ ಎಮ್ಮೆ. ಒಂದು ಗಬ್ಬ ನಿಲ್ಲದಿದ್ದರೆ ಮನೆ ಖರ್ಚಿಗೇ ಹೊಡೆತ. ವ್ಯಾಪಾರದವರೊಬ್ಬರು ಬಂದು, "ಇದು ಗೊಡ್ಡು ಬಿತ್ತು ಕಣಮ್ಮ, ಕೊಟ್ಟುಬಿಡಿ" ಅಂದರು. ಅಮ್ಮ ಮಾತಾಡದೆ ಒಳಗೆ ಹೋದರು. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಪಶು ಡಾಕ್ಟರನ್ನು ಕರೆಸಿದೆ. ಭುಜದವರೆಗೆ ಗ್ಲೌಸ್ ಹಾಕಿಕೊಂಡು ಕೈ ಒಳಗೆ ಬಿಟ್ಟು ಸುಮಾರು ಹೊತ್ತು ನೋಡಿದರು. ಆಮೇಲೆ ಹೇಳಿದರು: "ಗೊಡ್ಡಲ್ಲ ಅಮ್ಮ. ಅಂಡಾಶಯದ ಮೇಲೆ ಸಣ್ಣ ಗಂಟು ಕೈಗೆ ಸಿಗ್ತಿದೆ. ಮೊಟ್ಟೆ ಬಿಟ್ಟ ಮೇಲೇ ಅದು ಬರೋದು. ಇದು ಬೆದೆಗೆ ಬಂದು ಹೋಗಿದೆ, ನೀವು ನೋಡಿಲ್ಲ ಅಷ್ಟೆ."

ನನಗೆ ನಾಚಿಕೆಯಾಯಿತು. ಹಸುವಾದರೆ ಕೂಗುತ್ತದೆ, ಬೇರೆ ಹಸುವಿನ ಮೇಲೆ ಹತ್ತುತ್ತದೆ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಎಮ್ಮೆ ಎಷ್ಟೋ ಸಲ ಸುಮ್ನೆ ನಿಂತಿರುತ್ತದೆ. ಅದರಲ್ಲೂ ಬೇಸಿಗೆಯಲ್ಲಿ ಬೆದೆ ಇನ್ನೂ ಮಂದ. ಬಂದರೂ ರಾತ್ರಿ, ಇಲ್ಲ ಬೆಳಗಿನ ಜಾವ. ನಾವು ನೋಡುತ್ತಿದ್ದದ್ದು ಹಾಲು ಕರೆಯುವಾಗ ಮಾತ್ರ.

ಇನ್ನೊಂದು ತಪ್ಪನ್ನೂ ಅವರು ತೋರಿಸಿದರು. ಕಾಳಿಯ ಪಕ್ಕೆಲುಬು ಎಣಿಸುವ ಹಾಗಿತ್ತು. ಕರು ಹಾಕಿದ ಮೇಲೆ ಎಮ್ಮೆ ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ನಾವು ಹಾಕುತ್ತಿದ್ದದ್ದು ರಾಗಿ ಹುಲ್ಲು, ಒಂದಿಷ್ಟು ಬೂಸಾ. ಗರ್ಭಕೋಶ ಸರಿಹೋಗೋಕೆ ಸುಮಾರು 40 ದಿನ ಬೇಕು, 60ರಿಂದ 90 ದಿನದೊಳಗೆ ಮತ್ತೆ ಗಬ್ಬ ನಿಲ್ಲಿಸೋಕೆ ನೋಡಬೇಕು, ಆದರೆ ಹೊಟ್ಟೆಗಿಲ್ಲದ ಎಮ್ಮೆ ಹೇಗೆ ನಿಲ್ಲುತ್ತೆ ಅಂದರು. ಬೆದೆಗೆ ತರಿಸೋ ಇಂಜೆಕ್ಷನ್ ಇದೆ, ಮೊದಲು ಮೈ ತುಂಬಲಿ ಎಂದರು.

ಅಂದಿನಿಂದ ಹಸಿ ಮೇವು, ಹಿಂಡಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಮಧ್ಯಾಹ್ನ ಎರಡು ಸಲ ಮೈಮೇಲೆ ನೀರು. ಎಮ್ಮೆಯ ಕಪ್ಪು ಚರ್ಮಕ್ಕೆ ಬೆವರುವ ಶಕ್ತಿ ಕಡಿಮೆ, ಪಾಪ. ಮೊದಲೆಲ್ಲ ಕೆರೆಗೆ ಹೊಡೆಯುತ್ತಿದ್ದರು, ಈಗ ಪೈಪಿನ ನೀರೇ ಗತಿ.

21 ದಿನಕ್ಕೊಮ್ಮೆ ಬೆದೆ. ಮೊದಲ ಸರದಿ ನಮ್ಮ ಕೈತಪ್ಪಿತು. ಒಂದು ಸಲ ತಪ್ಪಿದರೆ ಮೂರು ವಾರದ ಮೇವು ದಂಡ. ಆಮೇಲೆ ಅಮ್ಮನೂ ನಾನೂ ಪಾಳಿ ಮಾಡಿಕೊಂಡೆವು. ರಾತ್ರಿ ಹತ್ತಕ್ಕೆ ಅವರು, ಬೆಳಗಿನ ಜಾವ ನಾಲ್ಕಕ್ಕೆ ನಾನು.

ಮೇ 15. ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದೆ. ಕಾಳಿ ಮಲಗಿದ್ದಳು. ಅವಳನ್ನು ಎಬ್ಬಿಸಿದಾಗ ಬಾಲದ ಹಿಂದೆ ನೆಲದ ಮೇಲೆ ಏನೋ ಹೊಳೆಯಿತು. ಮುಟ್ಟಿ ನೋಡಿದೆ. ಮೊಟ್ಟೆಯ ಬಿಳಿಯಂತೆ ತಿಳಿ ಲೋಳೆ, ಬೆರಳಿಗೆ ದಾರದ ಹಾಗೆ ಎಳೆದು ಬಂತು. ಎಮ್ಮೆಗೆ ಲೋಳೆ ಹಸುವಿನಂತೆ ಜೋತಾಡುವುದು ಕಡಿಮೆ, ಮಲಗಿದಾಗ ನೆಲಕ್ಕೆ ಬೀಳುತ್ತದೆ. ಇಷ್ಟು ದಿನ ಅದರ ಮೇಲೇ ಸಗಣಿ ಬಾಚಿ ತೊಳೆದಿದ್ದೆವೋ ಏನೋ! ನಿಂತವಳು ಪದೇ ಪದೇ ಸ್ವಲ್ಪ ಸ್ವಲ್ಪ ಗಂಜಲ ಹೊಯ್ದಳು. "ಅಮ್ಮಾ, ಬಾ ಇಲ್ಲಿ" ಅಂತ ಕೂಗಿದೆ. ಅಮ್ಮ ಬಂದು ಲೋಳೆ ನೋಡಿ ಕಾಳಿಯ ಬೆನ್ನು ತಟ್ಟಿದರು.

ಬೆದೆ ಕಂಡ ಸುಮಾರು 12 ಗಂಟೆ ಬಿಟ್ಟು ಸೂಜಿ, ಅಂದರೆ ಕೃತಕ ಗರ್ಭಧಾರಣೆ, ಮಾಡಿಸಬೇಕು. ಸಂಜೆ ನಾಲ್ಕಕ್ಕೆ ಡಾಕ್ಟರು ನೈಟ್ರೋಜನ್ ಕ್ಯಾನ್ ತಂದರು. ಮೈನಸ್ 196 ಡಿಗ್ರಿಯ ಚಳಿಯಿಂದ ತೆಗೆದ, ಕೋಣದ ವೀರ್ಯ ತುಂಬಿದ ಸಣ್ಣ ಕೊಳವೆ (ಸ್ಟ್ರಾ), 37 ಡಿಗ್ರಿಯ ಬೆಚ್ಚನೆ ನೀರಲ್ಲಿ ಅರ್ಧ ನಿಮಿಷ. ಆತುರ ಮಾಡಲಿಲ್ಲ, ನನಗದೇ ಇಷ್ಟವಾಯಿತು.

21 ದಿನ ಕಳೆಯಿತು. ರಾತ್ರಿ ಕಾದೆವು, ಬೆದೆಯಿಲ್ಲ. ಜುಲೈ ಕೊನೆಗೆ ಡಾಕ್ಟರು ಮತ್ತೆ ಕೈ ಹಾಕಿ ನೋಡಿ, "ನಿಂತಿದೆ ಅಮ್ಮ" ಅಂದರು.

ಎಮ್ಮೆಗೆ ಗಬ್ಬ ಸುಮಾರು 310 ದಿನ. ಅಮ್ಮ ಬೆರಳು ಮಡಿಸಿ ಎಣಿಸಿ, ಮಾರ್ಚ್ 21ರ ಆಸುಪಾಸು ಎಂದು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದರು. ಆಮೇಲೆ ಒಳಗಿನಿಂದ ಒಂದು ಉಂಡೆ ಬೆಲ್ಲ ತಂದು ಕಾಳಿಗೆ ತಿನ್ನಿಸಿದರು.